ಕೆರೆನೀರಿನಲ್ಲಿ ಆರ್ಸೆನಿಕ್ ಇದೆಯೇ? ಮಾದರಿ ತೆಗೆದು ಪರೀಕ್ಷೆ ಮಾಡಿಸುವ ಬಗೆ

ಮಡಕಶಿರಾ, ರಾಯದುರ್ಗದ ಕಡೆ ನೀರಿನ ಪರೀಕ್ಷೆ ಎಂದರೆ ಫ್ಲೋರೈಡ್ ಪರೀಕ್ಷೆ ಎಂದೇ ರೂಢಿಯಾಗಿದೆ. ಅನಂತಪುರ ಸೀಮೆ ಫ್ಲೋರೈಡಿನಿಂದ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಆದರೆ ಆ ವರದಿ ಚೆನ್ನಾಗಿ ಬಂದ ಮಾತ್ರಕ್ಕೆ ಆರ್ಸೆನಿಕ್ ಎಂಬ ವಿಷ ಇಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಚಿನ್ನದ ಅದಿರಿನೊಂದಿಗೆ ಆರ್ಸೆನಿಕ್ ಖನಿಜ ಸಿಗುವುದು ಸಾಮಾನ್ಯ. ರಾಮಗಿರಿಯ ಹಳೆಯ ಚಿನ್ನದ ಗಣಿಗಳು ಇದೇ ಸೀಮೆಯಲ್ಲಿವೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಹಳೆಯ ಚಿನ್ನದ ಗಣಿಯ ಸಮೀಪದ ಅಂತರ್ಜಲ ಕುಡಿದು ಜನ ಹಾಸಿಗೆ ಹಿಡಿದದ್ದನ್ನು ನಾವು ಮರೆಯಬಾರದು.

ಮೊದಲು ಪ್ರಯೋಗಾಲಯದಲ್ಲಿ ವಿಚಾರಿಸಿ. ಜಲಜೀವನ್ ಮಿಷನ್ ಅಡಿಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ನೀರು ಪರೀಕ್ಷೆ ಮಾಡಿಸಬಹುದು. ಅರ್ಜಿಯಲ್ಲಿ ‘ಆರ್ಸೆನಿಕ್’ ಎಂದು ಬಿಡಿಸಿ ಬರೆಯಿರಿ, ಬಾಟಲಿಯನ್ನು ಅಲ್ಲಿಂದಲೇ ಪಡೆಯಿರಿ. ಒಳಗೆ ನೈಟ್ರಿಕ್ ಆಮ್ಲ ಹಾಕಿ ಕೊಟ್ಟಿದ್ದರೆ ತೊಳೆಯಬೇಡಿ, ತುಂಬಿ ಚೆಲ್ಲುವಂತೆಯೂ ಹಿಡಿಯಬೇಡಿ. ಖಾಲಿ ಬಾಟಲಿಯಾದರೆ ಅದೇ ಕೆರೆಯ ನೀರಿನಿಂದ ಮೂರು ಸಲ ಗಲಬರಿಸಿ.

ಮಾದರಿಗೆ ಬೇಸಿಗೆಯೇ ಸರಿಯಾದ ಕಾಲ. ಆರ್ಸೆನಿಕ್ ಹೂಳಿನಲ್ಲಿರುವ ಕಬ್ಬಿಣದ ಆಕ್ಸೈಡ್‌ಗೆ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಮುಗಿದಾಗ ಆ ಕಬ್ಬಿಣ ಕರಗುತ್ತದೆ, ಹಿಡಿದಿಟ್ಟಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ. ಹೀಗಾಗಿ ಮೇಲಿನ ನೀರು ಶುದ್ಧವಿದ್ದರೂ ತಳದ್ದು ಕೆಟ್ಟಿರಬಹುದು. ದಡದ ಪಾಚಿ ನೀರನ್ನು ಮೊಗೆದು ತಂದರೆ ಏನೂ ತಿಳಿಯದು. ಏರಿಯ ಬದಿ, ತೂಬಿನ ಬಳಿ, ನೀರು ಆಳವಿರುವಲ್ಲಿ ಎರಡು ಮಾದರಿ ತೆಗೆಯಿರಿ. ಒಂದು, ಮೇಲ್ಮೈಯಿಂದ ಒಂದಡಿ ಕೆಳಗೆ. ಇನ್ನೊಂದಕ್ಕೆ ಬೇರೊಂದು ಶುದ್ಧ ಪ್ಲಾಸ್ಟಿಕ್ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಪ್ರತ್ಯೇಕ ದಾರ ಬಿಗಿದು ಇಳಿಬಿಡಿ. ತಳಕ್ಕೆ ಎರಡಡಿ ಇರುವಾಗ ದಾರ ಜಗ್ಗಿ ಬಿರಡೆ ಕೀಳಿ, ತುಂಬಿದ ಮೇಲೆ ಪ್ರಯೋಗಾಲಯದ ಬಾಟಲಿಗೆ ಸುರಿಯಿರಿ. ಹೂಳು ಕದಡಿದರೆ ಆ ನೀರನ್ನು ಚೆಲ್ಲಿ ಇನ್ನೊಂದೆಡೆ ಪ್ರಯತ್ನಿಸಿ. ಒಬ್ಬರೇ ಹೋಗಬೇಡಿ.

ಕೆರೆ, ಜಾಗ, ಆಳ, ದಿನಾಂಕ ಬರೆದು ಅಂಟಿಸಿ, ತಂಪಾಗಿಟ್ಟು ಬೇಗ ತಲುಪಿಸಿ.

ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ವರದಿಯಲ್ಲಿ ಯಾವ ಅಳತೆ ಬಳಸಿದ್ದಾರೆಂದು ನೋಡಿಕೊಳ್ಳಿ. ಮಿತಿ ಮೀರಿದ್ದರೆ ಕುಡಿಯಲು, ಅಡುಗೆಗೆ ಆ ನೀರು ಬೇಡ. ಕುದಿಸಿದರೆ ನೀರು ಆವಿಯಾಗಿ ಆರ್ಸೆನಿಕ್ ಉಳಿಯುತ್ತದೆ. ಬ್ಲೀಚಿಂಗ್ ಪುಡಿಯಿಂದಲೂ ಅದು ಹೋಗದು. ವರದಿಯ ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವ ಯೋಚನೆ ಇದ್ದರೆ, ಟ್ರಾಕ್ಟರ್ ಕರೆಸುವ ಮೊದಲು ಹೂಳನ್ನೂ ಪರೀಕ್ಷೆಗೆ ಕೊಡಿ.