ಕಲಬುರಗಿ ಬೇಸಿಗೆಯಲ್ಲಿ ಗೇಮ್ ಜಗ್ಗುತ್ತಿದ್ದರೆ: ಮೊದಲು ಗಾಳಿ, ಆಮೇಲೆ ಪೇಸ್ಟ್

ಗೇಮ್ ಹಚ್ಚಿದ ಮೊದಲ ಹತ್ತು ನಿಮಿಷ 90 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 90 ಫ್ರೇಮ್. ಅರ್ಧ ಗಂಟೆಗೆ 55. ಬಂದ್ ಮಾಡಿ ತಾಸು ಬಿಟ್ಟು ಹಚ್ಚಿದರೆ ಮತ್ತೆ 90. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಕೈಗೆ ಬರುವ ಗೇಮಿಂಗ್ ಪಿಸಿಗಳ ದೂರು ಬಹುಪಾಲು ಇದೇ: "ಮೊದಲ ಛಲೋ ನಡಿತದ್ರಿ, ಆಮ್ಯಾಲ ಜಗ್ಗಿ ಜಗ್ಗಿ ನಡಿತದ." ಈ ನಮೂನೆ ಕಂಡಾಗ ವಿಂಡೋಸ್ ಹೊಸದಾಗಿ ಹಾಕುವ, ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮಾತು ಬೇಡ. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಮೊದಲ ನಿಮಿಷದಿಂದಲೇ ಜಗ್ಗುತ್ತದೆ. ರ್‍ಯಾಮ್ ಸಾಲದಿದ್ದರೆ ಹೊಸ ಮ್ಯಾಪ್ ತೆರೆದುಕೊಳ್ಳುವಾಗ ತಡೆದು ತಡೆದು ನಿಲ್ಲುತ್ತದೆ. ಸರಾಗ ಶುರುವಾಗಿ, ಹೊತ್ತು ಹೋದಂತೆ ನಿಧಾನವಾಗಿ, ಆರಿದ ಮೇಲೆ ತಾನಾಗಿ ಸರಿಹೋಗುವುದು ಬಿಸಿಯ ಗುಣ.

ಚಿಪ್‌ಗೆ ಊರು ಯಾವುದೆಂದು ಗೊತ್ತಿಲ್ಲ. ಐ5-12400ಎಫ್ ಪ್ರೊಸೆಸರ್‌ನ ಬಿಸಿಯ ಮಿತಿ 100 ಡಿಗ್ರಿ, ರೈಜನ್ 5 3600ಕ್ಕೆ 95, ರೈಜನ್ 5 5600ಕ್ಕೆ 90. ಆರ್‌ಟಿಎಕ್ಸ್ 3060 ಕಾರ್ಡಿನ ಗರಿಷ್ಠ ಮಿತಿ 93 ಡಿಗ್ರಿ ಇದ್ದರೂ 83ರ ಹತ್ತಿರ ಬಂದಾಗಲೇ ಅದು ತನ್ನ ವೇಗ ಇಳಿಸಿಕೊಳ್ಳತೊಡಗುತ್ತದೆ. ಹೀಟ್‌ಸಿಂಕ್ (ಚಿಪ್ಪಿನ ಮೇಲೆ ಕೂರುವ ಎಸಳೆಸಳಾದ ಲೋಹದ ತುಂಡು) ಮತ್ತು ಫ್ಯಾನ್ ಚಿಪ್ಪನ್ನು ತಣ್ಣಗೆ ಮಾಡುವುದಿಲ್ಲ, ಅದರ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತವೆ, ಅಷ್ಟೆ. ಆದ್ದರಿಂದ ಕೋಣೆಯ ಬಿಸಿಗಿಂತ ಚಿಪ್ ಎಷ್ಟು ಮೇಲಿದೆ ಎಂಬ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ 77 ತೋರಿಸುವ ಪಿಸಿ ನಮ್ಮ 40 ಡಿಗ್ರಿ ಕೋಣೆಯಲ್ಲಿ 90 ತೋರಿಸುತ್ತದೆ, ಯಾವ ಪಾರ್ಟೂ ಕೆಟ್ಟಿಲ್ಲದೆ. ಅದರ ಮೇಲೆ ಒಂದಿಷ್ಟು ಧೂಳು ಕೂತರೆ ಮಿತಿ ಮುಟ್ಟಿದ ಹಾಗೆಯೇ. ಇನ್ನೊಂದು ಮಾತು: ದಿನವಿಡೀ ಕಾದ ಆರ್‌ಸಿಸಿ ಛಾವಣಿ ಆ ಬಿಸಿಯನ್ನು ಕೆಳಗಿನ ಕೋಣೆಗೆ ಬಿಡುವುದು ಸಂಜೆಯ ಮೇಲೆ. ಹೊರಗೆ ಹವಾ ಇಳಿದರೂ ಮೇಲಂತಸ್ತಿನ ಕೋಣೆಯಲ್ಲಿ ರಾತ್ರಿ 8 ಗಂಟೆಗೆ 38 ಇರುತ್ತದೆ. ಹುಡುಗರು ಆಡಲು ಕೂಡುವುದೂ ಅದೇ ಹೊತ್ತಿಗೆ.

ಅಳೆಯದೆ ಬಿಚ್ಚಬಾರದು. ನಾನು ಪಿಸಿಯ ಮುಂಭಾಗದ ಗಾಳಿಕಿಂಡಿಯಿಂದ ಒಂದು ಗೇಣು ದೂರದಲ್ಲಿ ಸಾದಾ ಡಿಜಿಟಲ್ ಥರ್ಮಾಮೀಟರ್ ಇಡುತ್ತೇನೆ, ಒಳಗೆ ಹೋಗುವ ಗಾಳಿಯ ಬಿಸಿ ಅದರಲ್ಲಿ ಸಿಗುತ್ತದೆ. ಪಿಸಿಯಲ್ಲಿ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯೂ ಇನ್ಫೊ ಎಂಬ ಸಾಫ್ಟ್‌ವೇರ್ ತೆರೆದು, ಸೆನ್ಸರ್ ಮಾತ್ರ ಆಯ್ದು, ಲಾಗ್ ಶುರು ಮಾಡಿ, ದೂರು ಬಂದಿರುವ ಗೇಮನ್ನೇ 30 ನಿಮಿಷ ಓಡಿಸುತ್ತೇನೆ. ಫರ್‌ಮಾರ್ಕ್‌ನಂಥ ಪರೀಕ್ಷೆ ಕಾರ್ಡನ್ನು ಮಾತ್ರ ಕಾಯಿಸುತ್ತದೆ, ಗೇಮ್ ಪ್ರೊಸೆಸರ್ ಮತ್ತು ಕಾರ್ಡ್ ಎರಡನ್ನೂ ಒಟ್ಟಿಗೆ ಕಾಯಿಸುತ್ತದೆ. ನೋಡಬೇಕಾದ ಸಾಲುಗಳು ನಾಲ್ಕೇ: ಪ್ರೊಸೆಸರ್ ಬಿಸಿ, ಅದರ ಕ್ಲಾಕ್ (ಓಡುವ ವೇಗ), ಕಾರ್ಡಿನ ಬಿಸಿ, ಅದರ ಕ್ಲಾಕ್. ಬಿಸಿಯ ಗೆರೆ ಏರಿ ಏರಿ ಒಂದು ಕಡೆ ಸಪಾಟಾಗಿ ನಿಂತು, ಅದೇ ಕ್ಷಣದಿಂದ ಕ್ಲಾಕ್ ಗೆರೆ ಕೆಳಗೆ ಜಾರಿದರೆ ಅದೇ ಥ್ರಾಟ್ಲಿಂಗ್, ಅಂದರೆ ಬಿಸಿ ಮಿತಿ ದಾಟದಂತೆ ಚಿಪ್ ತಾನೇ ವೇಗ ಇಳಿಸಿಕೊಳ್ಳುವುದು. ಇಂಟೆಲ್ ಪ್ರೊಸೆಸರ್ ಇದ್ದರೆ ಕೋರ್ ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲಿನಲ್ಲಿ ಯೆಸ್ ಎಂದೇ ಬರುತ್ತದೆ. ಅದರ ಪಕ್ಕದ ಪವರ್ ಲಿಮಿಟ್ ಸಾಲಿನಲ್ಲಿ ಯೆಸ್ ಬಂದರೆ ಅದು ಬಿಸಿಯ ದೋಷವಲ್ಲ, ಇವೆರಡನ್ನು ಕೂಡಿಸಿ ಓದಬಾರದು.

ಇಲ್ಲಿಂದ ಮುಂದೆ 'ಈ ಪಿಸಿ' ಎಂದು ಹೇಳುವ ಅಳತೆಗಳೆಲ್ಲ ಒಂದೇ ಪಿಸಿಯವು: ಐ5-12400ಎಫ್, ಡಬ್ಬಿಯಲ್ಲಿ ಬಂದ ಹೀಟ್‌ಸಿಂಕ್, ಆರ್‌ಟಿಎಕ್ಸ್ 3060, 16 ಜಿಬಿ ರ್‍ಯಾಮ್, ಮುಂದೆ ಗಾಜಿನ ಮುಖವಿರುವ ಕೇಸ್. ಕೋಣೆ 39 ಡಿಗ್ರಿ. 20 ನಿಮಿಷಕ್ಕೆ ಪ್ರೊಸೆಸರ್ 100, ಕಾರ್ಡ್ 85, ಕಾರ್ಡಿನ ಕ್ಲಾಕ್ 1880 ಮೆಗಾಹರ್ಟ್ಸ್‌ನಿಂದ 1600ರ ಆಸುಪಾಸಿಗೆ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಗೇಮ್ ನಡೆಯುತ್ತಿರುವಾಗಲೇ ಕೇಸಿನ ಪಕ್ಕದ ಬಾಗಿಲು ತೆಗೆದು 10 ನಿಮಿಷ ನೋಡುವುದು. 6–7 ಡಿಗ್ರಿಗಿಂತ ಹೆಚ್ಚು ಇಳಿದರೆ ಕೇಸಿನೊಳಗೆ ಗಾಳಿ ಆಡುತ್ತಿಲ್ಲ ಎಂದರ್ಥ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ತೊಂದರೆ ಹೀಟ್‌ಸಿಂಕ್‌ನ ಧೂಳಿನಲ್ಲೋ, ಚಿಪ್ಪಿಗೂ ಹೀಟ್‌ಸಿಂಕ್‌ಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟಿನಲ್ಲೋ ಇದೆ. ಈ ಪಿಸಿಯಲ್ಲಿ ಕಾರ್ಡ್ 8 ಡಿಗ್ರಿ ಇಳಿಯಿತು, ಪ್ರೊಸೆಸರ್ ಬರೀ 3. ಅಂದರೆ ಎರಡೂ ತೊಂದರೆ ಇದ್ದವು. ಬಾಗಿಲು ತೆಗೆದೇ ಆಡುವುದು ಪರಿಹಾರವಲ್ಲ, ನಮ್ಮೂರ ಧೂಳಿಗೆ ಎರಡು ತಿಂಗಳಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ.

ಧೂಳಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಹೀಟ್‌ಸಿಂಕ್ ಮೇಲಿನಿಂದ ನೋಡಿದರೆ ಸ್ವಚ್ಛವಾಗಿಯೇ ಕಾಣುತ್ತದೆ. ಫ್ಯಾನನ್ನು ಎತ್ತಿದಾಗ ಗೊತ್ತಾಗುವುದು: ಫ್ಯಾನಿಗೂ ಅಲ್ಯೂಮಿನಿಯಂ ಎಸಳುಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಧೂಳು ಹೆಪ್ಪುಗಟ್ಟಿರುತ್ತದೆ. ಚಿಮಟದಿಂದ ಒಂದು ಅಂಚು ಹಿಡಿದರೆ ಇಡೀ ಪದರವೇ ಎದ್ದು ಬರುತ್ತದೆ. ದಾಲ್ ಮಿಲ್ಲುಗಳ ಹತ್ತಿರದ ಮನೆಗಳ ಪಿಸಿಯಲ್ಲಿ ಅದರ ಬಣ್ಣ ಮಾಸಲು ಹಳದಿ, ತೊಗರಿ ಹೊಟ್ಟಿನ ನಯವಾದ ಪುಡಿ ಸೇರಿರುತ್ತದೆ. ಬೆರಳಲ್ಲಿ ತಿಕ್ಕಿದರೆ ಜಿಗುಟು. ಇಂಥದ್ದು ಬಾಯಲ್ಲಿ ಊದಿದರೆ ಹೋಗುವುದಿಲ್ಲ, ಉಗುಳಿನ ಹನಿ ಬೇರೆ ಬೋರ್ಡಿನ ಮೇಲೆ ಬೀಳುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು, ಪಿಸಿಯನ್ನು ಅಂಗಳಕ್ಕೆ ಒಯ್ದು ಕೆಲಸ ಶುರು ಮಾಡುತ್ತೇನೆ. ಒಣ ಹವೆಯಲ್ಲಿ ಸ್ಟ್ಯಾಟಿಕ್ ಕರೆಂಟ್ ಜಾಸ್ತಿ, ಅದಕ್ಕೆ ರ್‍ಯಾಮ್, ಕಾರ್ಡ್ ಮುಟ್ಟುವ ಮೊದಲು ಕೇಸಿನ ಬಣ್ಣವಿಲ್ಲದ ಲೋಹಕ್ಕೆ ಕೈ ತಾಗಿಸಬೇಕು. ಮೊದಲು ಒಂದು ಇಂಚಿನ ಪೇಂಟ್ ಬ್ರಶ್‌ನಿಂದ ಹೆಪ್ಪು ಸಡಿಲಿಸಿ, ಆಮೇಲೆ ಕರೆಂಟಿನ ಬ್ಲೋವರ್. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ತನ್ನ ಮಿತಿಗಿಂತ ಜೋರಾಗಿ ತಿರುಗಿ ಬೇರಿಂಗ್ ಕೆಡುತ್ತದೆ, ಮರುದಿನದಿಂದ ಕರಕರ ಶಬ್ದ. ಗಾಳಿ ಒಳಗೆ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಒಳಗಿನಿಂದ ಹೊರಕ್ಕೆ ಊದಬೇಕು. ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಬೇಡಿ, ಹೊರಗಿನಿಂದಲೇ ಊದಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯದ ಕರೆಂಟ್ ಉಳಿದಿರುತ್ತದೆ.

ಇಷ್ಟಕ್ಕೇ ಪ್ರೊಸೆಸರ್ 100ರಿಂದ 93ಕ್ಕೆ ಬಂತು. ಇನ್ನು ಪೇಸ್ಟ್. ಹಳೆಯ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿದ್ದರೆ ಬದಲಿಸಲೇಬೇಕು. ಹಳೆಯದನ್ನು ಒರೆಸಲು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಎಳೆ ಬಿಡದ ಬಟ್ಟೆ ಬೇಕು. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. 4 ಗ್ರಾಮಿನ ಒಂದು ಸಿರಿಂಜ್ ಎಂಟು ಹತ್ತು ಪ್ರೊಸೆಸರ್‌ಗೆ ಸಾಕು. ಎಎಂ4 ಎಂಬ ಹಳೆಯ ಸಾಕೆಟ್‌ನ ರೈಜನ್ ಇರುವವರು ಇಲ್ಲೊಂದು ಎಚ್ಚರ ವಹಿಸಬೇಕು: ತಣ್ಣಗಿರುವ ಹೀಟ್‌ಸಿಂಕನ್ನು ನೇರ ಎಳೆದರೆ ಗಟ್ಟಿಯಾದ ಪೇಸ್ಟಿನ ಜೊತೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಬಿಚ್ಚುವ ಮೊದಲು ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ ಬಿಡಿಸಬೇಕು.

ಪೇಸ್ಟ್ ಎಷ್ಟು ಹಾಕಬೇಕು? ಎಎಂ4 ಪ್ರೊಸೆಸರ್‌ಗೆ ನಡುವೆ ಬಟಾಣಿ ಕಾಳಿನಷ್ಟು. ಉದ್ದನೆಯ ಆಕಾರದ 12ನೇ ತಲೆಮಾರಿನ ಇಂಟೆಲ್‌ಗೆ ಮೂಲೆಯಿಂದ ಮೂಲೆಗೆ ತೆಳುವಾದ ಗುಣಾಕಾರ ಚಿಹ್ನೆ. ಹೆಚ್ಚಾದರೆ ಅಂಚಿನಲ್ಲಿ ಹೊರಗೆ ಬಂದು ಗಲೀಜಾಗುತ್ತದೆ, ಕಡಿಮೆಯಾದರೆ ಒಂದು ಮೂಲೆ ಒಣಗಿ ಉಳಿಯುತ್ತದೆ. ಎರಡರಲ್ಲಿ ಕಡಿಮೆಯೇ ಕೆಟ್ಟದ್ದು.

ಆದರೆ ಪೇಸ್ಟಿಗಿಂತ ಹೆಚ್ಚಾಗಿ ನಾನು ಕಂಡಿರುವ ದೋಷ ಕೂಡಿಸುವಲ್ಲಿದೆ. ಡಬ್ಬಿಯ ಹೀಟ್‌ಸಿಂಕ್‌ಗೆ ಪ್ಲಾಸ್ಟಿಕ್ಕಿನ ನಾಲ್ಕು ಒತ್ತುಪಿನ್ ಇರುತ್ತವೆ. ಮೂರು ಟಕ್ ಎಂದು ಕೂತು ನಾಲ್ಕನೆಯದು ಕೂತಂತೆ ಕಾಣುತ್ತದೆ, ಬೋರ್ಡಿನ ಹಿಂದೆ ನೋಡಿದರೆ ಬಿಳಿ ಕಾಲು ಪೂರ್ತಿ ಹೊರಗೆ ಬಂದು ಅಗಲವಾಗಿರುವುದಿಲ್ಲ. ಆ ಒಂದು ಮೂಲೆ ಕೂದಲೆಳೆಯಷ್ಟು ಎದ್ದಿದ್ದರೂ 10–15 ಡಿಗ್ರಿ ಏರುತ್ತದೆ. ಒತ್ತುವಾಗ ಎದುರುಬದುರು ಮೂಲೆಗಳನ್ನು ಜೊತೆಯಾಗಿ ಒತ್ತಿ, ಆಮೇಲೆ ಬೋರ್ಡನ್ನು ಹಿಂದಿನಿಂದ ಟಾರ್ಚ್ ಹಿಡಿದು ನಾಲ್ಕೂ ಕಾಲು ನೋಡಿ, ಹೀಟ್‌ಸಿಂಕನ್ನು ಕೈಯಿಂದ ಅಲ್ಲಾಡಿಸಿ ನೋಡಬೇಕು. ಈ ಪಿಸಿಯಲ್ಲೂ ಒಂದು ಕಾಲು ಸಡಿಲವಿತ್ತು. ಸರಿಯಾಗಿ ಕೂಡಿಸಿದ ಮೇಲೆ ಪ್ರೊಸೆಸರ್ 84.

ಇನ್ನು ಕಾರ್ಡಿನ ಬಿಸಿ, ಅದು ಕೇಸಿನ ಗಾಳಿಯದು. ಗಾಜಿನ ಮುಖದ ಕೇಸ್ ನೋಡಲು ಚೆಂದ, ಗಾಳಿ ಬರುವುದು ಮಾತ್ರ ಅಂಚಿನ ಬೆರಳಗಲ ಸಂದಿಯಿಂದ. ಹೊಸ ಕೇಸ್ ಕೊಳ್ಳುವವರಿದ್ದರೆ ಮುಂದೆ ಜಾಳಿ ಇರುವುದನ್ನೇ ಕೊಳ್ಳಿ, ಈ ಭಾಗದಲ್ಲಿ ಬೇರೆ ಯೋಚನೆಯೇ ಬೇಡ. ಇರುವ ಕೇಸಿನಲ್ಲಿ ಮುಂದೆ ಒಳಕ್ಕೆ ಎಳೆಯುವ 120 ಎಂಎಂ ಫ್ಯಾನ್ ಎರಡು, ಹಿಂದೆ ಹೊರಕ್ಕೆ ತಳ್ಳುವುದು ಒಂದು ಇರಲಿ. ಫ್ಯಾನಿನ ಅಡ್ಡಪಟ್ಟಿ ಇರುವ ಮಗ್ಗುಲು ಗಾಳಿ ಹೊರಹೋಗುವ ಮಗ್ಗುಲು. ಮುಂದಿನ ಫ್ಯಾನ್‌ಗಳಲ್ಲಿ ಒಂದು ತಿರುಗಾಮುರುಗ ಕೂತಿರುವುದನ್ನು ಎಷ್ಟೋ ಪಿಸಿಗಳಲ್ಲಿ ಕಂಡಿದ್ದೇನೆ, ಒಂದು ತಂದ ಗಾಳಿಯನ್ನು ಇನ್ನೊಂದು ಹೊರಗೆ ಹಾಕುತ್ತಿರುತ್ತದೆ. ಕಂಪ್ಯೂಟರ್ ಟೇಬಲ್ಲಿನ ಗೂಡಿನಲ್ಲಿ ಪಿಸಿ ಇದ್ದರೆ ಹೊರಗೆ ತೆಗೆಯಿರಿ, ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಹಿಂದೆ ಗೋಡೆಗೂ ಪಿಸಿಗೂ ಕನಿಷ್ಠ ಒಂದು ಗೇಣು ಇರಲಿ.

ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್) ಫ್ಯಾನ್ ವೇಗದ ಗೆರೆಯನ್ನೂ ನಮ್ಮ ಹವೆಗೆ ಹೊಂದಿಸಬೇಕು. ನಾನು ಇಡುವುದು 50 ಡಿಗ್ರಿಗೆ 40 ಪರ್ಸೆಂಟ್, 65ಕ್ಕೆ 60, 75ಕ್ಕೆ 85, 82ಕ್ಕೆ ಪೂರ್ತಿ. ಶಬ್ದ ಹೆಚ್ಚುತ್ತದೆ, ಬೇಸಿಗೆ ಮುಗಿಯುವ ತನಕ ಅದನ್ನು ಸಹಿಸಬೇಕು.

ಈಗ ಕೋಣೆಯ ಕೂಲರ್. ನೀರಿನ ಕೂಲರ್ ನಮ್ಮ ಒಣ ಬೇಸಿಗೆಗೆ ಹೇಳಿ ಮಾಡಿಸಿದ್ದು, 39 ಇದ್ದ ಕೋಣೆ ಮುಕ್ಕಾಲು ಗಂಟೆಯಲ್ಲಿ 31ಕ್ಕೆ ಬಂದಿದೆ. ಪಿಸಿಯ ಒಳಗಿನ ಬಿಸಿಯೂ ಅಷ್ಟೇ ಇಳಿಯುತ್ತದೆ. ಪೇಸ್ಟ್ ಬದಲಿಸಿದರೂ ಇಷ್ಟು ಸಿಗುವುದು ಅಪರೂಪ. ಆದರೆ ಕೂಲರಿನ ಬಾಯಿಯನ್ನು ಪಿಸಿಗೆ ನೇರ ತಿರುಗಿಸಬೇಡಿ. ಬೋರ್‌ವೆಲ್ಲಿನ ಗಡಸು ನೀರಿನ ಸಣ್ಣ ಹನಿಗಳು ಗಾಳಿಯ ಜೊತೆ ಹೋಗಿ ಒಣಗಿ ಹೀಟ್‌ಸಿಂಕ್ ಎಸಳಿಗೆ ಬಿಳಿ ಉಪ್ಪು ಕಟ್ಟುತ್ತದೆ, ಒದ್ದೆ ಧೂಳು ಕಣಕದಂತೆ ಅಂಟುತ್ತದೆ. ಅದು ಬ್ರಶ್‌ಗೂ ಬ್ಲೋವರ್‌ಗೂ ಬಗ್ಗುವುದಿಲ್ಲ. ಕೂಲರ್ ಕಿಟಕಿಯ ಬಳಿ, ಪಿಸಿ ಅದರ ಗಾಳಿಯ ದಾರಿಯಿಂದ ಪಕ್ಕಕ್ಕೆ, ಆರೇಳು ಅಡಿ ದೂರದಲ್ಲಿರಲಿ. ಎದುರಿನ ಬಾಗಿಲು ಅಥವಾ ಕಿಟಕಿ ತೆರೆದಿಡಿ. ಎಲ್ಲ ಮುಚ್ಚಿದರೆ ಕೋಣೆಯಲ್ಲಿ ತೇವ ತುಂಬಿ ಕೂಲರ್ ತಂಪು ಮಾಡುವುದನ್ನೇ ನಿಲ್ಲಿಸುತ್ತದೆ.

ಇಷ್ಟಾದ ಮೇಲೂ ಹತ್ತಿರ ಹತ್ತಿರ ಮಿತಿಯಲ್ಲೇ ಓಡುತ್ತಿದ್ದರೆ ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡಬೇಕು. ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ಗೇಮ್ ಸೆಟ್ಟಿಂಗ್ಸ್‌ನಲ್ಲಿ 60 ಎಫ್‌ಪಿಎಸ್‌ಗೆ ಮಿತಿ ಹಾಕಿ. ಕಾಣದ ಫ್ರೇಮ್‌ಗಳಿಗಾಗಿ ಕಾರ್ಡ್ ಬಿಸಿಯಾಗುವುದು ನಿಲ್ಲುತ್ತದೆ. ಕಾರ್ಡಿನ ಸೆಟ್ಟಿಂಗ್ಸ್ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ 85 ಪರ್ಸೆಂಟ್‌ಗೆ ಇಳಿಸಿದರೆ 170 ವ್ಯಾಟ್‌ನ ಆರ್‌ಟಿಎಕ್ಸ್ 3060 ಸುಮಾರು 145 ವ್ಯಾಟ್‌ಗೆ ನಿಲ್ಲುತ್ತದೆ, ಎಫ್‌ಪಿಎಸ್ ಹೋಗುವುದು ಮೂರ್ನಾಲ್ಕು. ಇನ್ನೂ ಚೆನ್ನಾದ ದಾರಿ ಅಂಡರ್‌ವೋಲ್ಟ್, ಅಂದರೆ ಕಡಿಮೆ ವೋಲ್ಟೇಜಿನಲ್ಲಿ ಓಡಿಸುವುದು: ಅದರಲ್ಲೇ ಕಂಟ್ರೋಲ್ ಮತ್ತು ಎಫ್ ಒತ್ತಿ ವೋಲ್ಟೇಜ್-ವೇಗದ ಗೆರೆ ತೆರೆದು 850 ಮಿಲಿವೋಲ್ಟ್ ಬಿಂದುವನ್ನು 1800 ಮೆಗಾಹರ್ಟ್ಸ್‌ಗೆ ಏರಿಸಿ, ಅದರಾಚೆಯದನ್ನು ಸಪಾಟಾಗಿಸುವುದು. ಗೇಮ್ ತಾನಾಗಿ ಮುಚ್ಚಿಕೊಂಡರೆ 25 ಮಿಲಿವೋಲ್ಟ್ ಹೆಚ್ಚಿಸಿ ಮತ್ತೆ ಪರೀಕ್ಷಿಸಿ, ಪ್ರತಿ ಕಾರ್ಡಿನ ಗುಣ ಬೇರೆ. ಪ್ರೊಸೆಸರ್ ಕಡೆ, ಕೆಲವು ಬೋರ್ಡ್‌ಗಳು 12400ಎಫ್‌ನ ಪವರ್ ಮಿತಿಯನ್ನು ತೆರೆದೇ ಬಿಟ್ಟಿರುತ್ತವೆ. ಬಯೋಸ್‌ನಲ್ಲಿ ದೀರ್ಘಾವಧಿಯ ಮಿತಿಯನ್ನು 65 ವ್ಯಾಟ್‌ಗೆ ಇಟ್ಟರೆ ಗೇಮಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಾರ್ಡನ್ನು ಬಿಚ್ಚುವುದು ಕೊನೆಯ ಮಾತು. ಎಚ್‌ಡಬ್ಲ್ಯೂ ಇನ್ಫೊದಲ್ಲಿ ಕಾರ್ಡಿನ ಸಾಮಾನ್ಯ ಬಿಸಿಗೂ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಬಿಸಿಗೂ 10ರಿಂದ 15 ಡಿಗ್ರಿ ಅಂತರ ಸಹಜ. 25 ದಾಟಿದರೆ ಮಾತ್ರ ಪೇಸ್ಟ್ ಜಾಗ ಬಿಟ್ಟಿದೆ ಎಂದು ತಿಳಿಯಬೇಕು. ವಾರಂಟಿ ಇದ್ದರೆ ಅಲ್ಲಿಗೇ ಕಳಿಸಿ. ಬಿಚ್ಚಲೇಬೇಕಾದರೆ ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಪಟ್ಟಿ) ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದು ಅಷ್ಟೇ ದಪ್ಪದ್ದನ್ನು ಹಾಕಿ. 1 ಎಂಎಂ ಇದ್ದಲ್ಲಿ 1.5 ಹಾಕಿದರೆ ಹೀಟ್‌ಸಿಂಕ್ ಚಿಪ್ಪಿಗೆ ತಾಗದೆ ಮೊದಲಿಗಿಂತ ಬಿಸಿಯಾಗುತ್ತದೆ. ಕಾರ್ಡಿನ ಕೆಳಗೇ ಕೂತಿರುವ ಎನ್‌ವಿಎಂಇ ಎಸ್‌ಎಸ್‌ಡಿಯನ್ನೂ (ಫೈಲ್ ಇಡುವ ತೆಳ್ಳನೆಯ ಡ್ರೈವ್) ಒಮ್ಮೆ ನೋಡಿ. 70 ಮೀರಿದರೆ ಹಲವು ಎಸ್‌ಎಸ್‌ಡಿಗಳು ನಿಧಾನವಾಗುತ್ತವೆ, ಗೇಮ್ ಆಗಾಗ ಒಂದು ಕ್ಷಣ ತಡೆದು ನಿಲ್ಲುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ಹೀಟ್‌ಸಿಂಕ್ ಹಚ್ಚಿದರೆ ಸಾಕು.

ಲ್ಯಾಪ್‌ಟಾಪ್‌ನವರಿಗೆ ಇಷ್ಟೇ: ಹಾಸಿಗೆ ಮೇಲಿಟ್ಟು ಆಡಬೇಡಿ, ಹಿಂಭಾಗವನ್ನು ಎರಡು ಇಂಚು ಎತ್ತರಿಸಿ, ವಿಂಡೋಸ್ ಪವರ್ ಪ್ಲಾನ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 99 ಪರ್ಸೆಂಟ್‌ಗೆ ಇಡಿ. ಟರ್ಬೊ (ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ, ಬಿಸಿ ಕೂಡಲೇ ಇಳಿಯುತ್ತದೆ.

ಆ ಪಿಸಿಯ ಕೊನೆಯ ಲೆಕ್ಕ: ಕೂಲರ್ ಬಂದ್, ಕೋಣೆ 39, ಅದೇ ಗೇಮ್, ಅದೇ ಅರ್ಧ ಗಂಟೆ. ಪ್ರೊಸೆಸರ್ 80, ಕಾರ್ಡ್ 74, ಕ್ಲಾಕ್ 1800ರಲ್ಲಿ ಅಲ್ಲಾಡದೆ, 88 ಎಫ್‌ಪಿಎಸ್. ಕೂಲರ್ ಹಚ್ಚಿದಾಗ ಎರಡೂ ಏಳೆಂಟು ಡಿಗ್ರಿ ಕೆಳಗೆ. ಖರ್ಚಾದದ್ದು ಒಂದು ಪೇಸ್ಟ್ ಸಿರಿಂಜ್, ಮುಂದಿನ ಒಂದು ಫ್ಯಾನ್, ಮತ್ತು ಕಿಂಡಿಗೆ ಹಚ್ಚಿದ ನೈಲಾನ್ ಜಾಳಿ. ಆ ಜಾಳಿಯನ್ನು ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಹದಿನೈದು ದಿನಕ್ಕೊಮ್ಮೆ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕುತ್ತೇನೆ.