ಇಳಿಜಾರು ಸೈಕ್ಲಿಂಗ್: ರಕ್ಷಾಕವಚ ಆರಿಸುವುದು ಹೇಗೆ?

ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿರುವ ವಿಶ್ವಕಪ್ ಡೌನ್‌ಹಿಲ್ (ಇಳಿಜಾರು ಸೈಕಲ್ ಓಟ) ಹಾದಿಯ ಉದ್ದ ಸುಮಾರು 2.8 ಕಿ.ಮೀ. ಅಷ್ಟರೊಳಗೆ ಸೈಕಲ್ 555 ಮೀಟರ್ ಕೆಳಗಿಳಿಯುತ್ತದೆ. ಪಳಗಿದ ಸವಾರರು ನಾಲ್ಕೂವರೆ ನಿಮಿಷದ ಆಸುಪಾಸಿನಲ್ಲಿ ತಳ ಸೇರುತ್ತಾರೆ. ಅಂದರೆ ಬಂಡೆ, ಬೇರು, ದಿಬ್ಬಗಳ ಮೇಲೆ ಗಂಟೆಗೆ ಸರಾಸರಿ 37 ಕಿ.ಮೀ.! ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸ್ಕೂಟರಿಗೂ ದಕ್ಕದ ವೇಗ ಇದು. ಈ ಸ್ಪರ್ಧೆಗಳಲ್ಲಿ ಫುಲ್‌ಫೇಸ್ ಹೆಲ್ಮೆಟ್ ಇಲ್ಲದೆ ಅಭ್ಯಾಸಕ್ಕೂ ಇಳಿಯುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮ. ಬೆನ್ನು, ಭುಜ, ಮೊಣಕೈ, ಮಂಡಿಗಳ ಗಾರ್ಡ್ ಕಡ್ಡಾಯವಲ್ಲ, ಆದರೆ ತೊಟ್ಟರೆ ಒಳ್ಳೆಯದೆಂದು ಒಕ್ಕೂಟ ಒತ್ತಿ ಹೇಳುತ್ತದೆ.

ಬೆಂಗಳೂರಿನ ಅವಲಹಳ್ಳಿ ಕಾಡಿನ ಮಣ್ಣುಹಾದಿಯಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವವರಿಗೆ ಇಷ್ಟೆಲ್ಲ ಬೇಕಿಲ್ಲ. ಮನಾಲಿಯ ಇಳಿಜಾರಿಗೋ ಹೊರದೇಶದ ಬೈಕ್ ಪಾರ್ಕಿಗೋ (ಸೈಕಲ್ ಇಳಿಸಲೆಂದೇ ಹಾದಿ ಮಾಡಿಟ್ಟ ಗುಡ್ಡ) ಹೊರಟವರಿಗೆ ಬೇಕು. ಎಲ್ಲವನ್ನೂ ಒಮ್ಮೆಗೇ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಹೆಲ್ಮೆಟ್, ಮಂಡಿ ಪ್ಯಾಡ್, ಕೈಗವಸು ಮೊದಲು ಕೊಳ್ಳಿ. ಉಳಿದದ್ದು ಆಮೇಲೆ. ಯಾವುದನ್ನೇ ಕೊಂಡರೂ ಮೈಗೆ ಸರಿಯಾಗಿ ಕೂರಬೇಕು. ಬೀಳುವ ಹೊತ್ತಿಗೆ ಮಂಡಿಯಿಂದ ಕಣಕಾಲಿಗೆ ಜಾರಿದ ಪ್ಯಾಡ್ ಎಷ್ಟೇ ದುಬಾರಿಯಾದರೂ ದಂಡ.

ಮೊದಲು ತಲೆ

ಹುಬ್ಬಿನಿಂದ ಎರಡು ಬೆರಳಷ್ಟು ಮೇಲೆ ಟೇಪ್ ಸುತ್ತಿ ತಲೆಯ ಸುತ್ತಳತೆ ತೆಗೆಯಿರಿ. ಕಂಪನಿಯಿಂದ ಕಂಪನಿಗೆ ‘ಮೀಡಿಯಂ’ ಬದಲಾಗುತ್ತದೆ, ಹಾಗಾಗಿ ಸೆಂಟಿಮೀಟರ್ ಪಟ್ಟಿಯನ್ನೇ ನಂಬಿ. ಹೆಲ್ಮೆಟ್ ಹಾಕಿಕೊಂಡಾಗ ಕೆನ್ನೆಯ ಪ್ಯಾಡ್‌ಗಳು ಬಾಯಿ ಸ್ವಲ್ಪ ಮುಂದಕ್ಕೆ ಬರುವಷ್ಟು ಒತ್ತಬೇಕು. ಹೊಸದರಲ್ಲಿ ಇದು ಹಿಂಸೆ ಅನ್ನಿಸುತ್ತದೆ, ಅಂಗಡಿಯವರೂ ‘ಒಂದು ಸೈಜ್ ದೊಡ್ಡದು ಕೊಡಲಾ?’ ಎನ್ನುತ್ತಾರೆ. ಬೇಡ. ಬಳಸುತ್ತ ಪ್ಯಾಡ್ ಅದುಮಿಕೊಳ್ಳುತ್ತದೆ. ಆದರೆ ಹಣೆಯ ಒಂದೇ ಜಾಗದಲ್ಲಿ ಚುಚ್ಚುವಂತೆ ನೋವಾದರೆ ಆ ಹೆಲ್ಮೆಟ್ಟಿನ ಆಕಾರವೇ ನಿಮ್ಮದಲ್ಲ, ಬೇರೆ ಕಂಪನಿಯದು ನೋಡಿ.

ಈಗ ಪಟ್ಟಿ ಬಿಗಿದು, ಗಲ್ಲದ ಭಾಗ ಹಿಡಿದು ಎಡಬಲಕ್ಕೆ ತಿರುಗಿಸಿ. ಹೆಲ್ಮೆಟ್ ಜೊತೆಗೆ ಕೆನ್ನೆಯ ಚರ್ಮವೂ ಎಳೆದುಕೊಂಡು ಬರಬೇಕು. ಹಿಂಬದಿಯ ಅಂಚು ಹಿಡಿದು ಮುಂದಕ್ಕೆ ಉರುಳಿಸಲು ಸ್ನೇಹಿತರಿಗೆ ಹೇಳಿ. ಕಳಚಿಕೊಂಡು ಬಂದರೆ ಅಲ್ಲಿಗೇ ಬಿಡಿ. ಗಾಗಲ್ಸ್ ಇದ್ದರೆ ಅದನ್ನೂ ಅಂಗಡಿಗೆ ಒಯ್ಯುವುದು ಜಾಣತನ, ಏಕೆಂದರೆ ಎಲ್ಲ ಹೆಲ್ಮೆಟ್ಟಿನ ಕಿಂಡಿಯಲ್ಲೂ ಎಲ್ಲ ಗಾಗಲ್ಸ್ ಕೂರುವುದಿಲ್ಲ.

ಒಳಗಿನ ಲೇಬಲ್ ಓದದೆ ದುಡ್ಡು ಕೊಡಬೇಡಿ. ಹುಡುಕಬೇಕಾದ ಗುರುತು ಎಎಸ್‌ಟಿಎಂ ಎಫ್1952. ಇದು ಡೌನ್‌ಹಿಲ್‌ಗೆಂದೇ ಇರುವ ಅಮೆರಿಕದ ಮಾನದಂಡ, ಗಲ್ಲದ ಪಟ್ಟಿಯನ್ನೂ (ಬಿಗಿಯುವ ಪಟ್ಟಿಯಲ್ಲ, ಬಾಯಿಯ ಮುಂದೆ ಬರುವ ಗಟ್ಟಿ ಭಾಗ) ಪರೀಕ್ಷಿಸುತ್ತದೆ. ಯುರೋಪಿನ ಇಎನ್ 1078 ಎಲ್ಲ ಬಗೆಯ ಸೈಕಲ್ ಹೆಲ್ಮೆಟ್ಟಿಗೂ ಅನ್ವಯಿಸುವಂಥದ್ದು. ಗಲ್ಲದ ಪಟ್ಟಿಯ ಗಟ್ಟಿತನದ ಬಗ್ಗೆ ಅದು ಏನೂ ಹೇಳುವುದಿಲ್ಲ. ಹೀಗಾಗಿ ಬರೀ ಇಎನ್ 1078 ಇರುವ ‘ಫುಲ್‌ಫೇಸ್’ ನೋಡಲು ಮಾತ್ರ ಫುಲ್‌ಫೇಸ್ ಆಗಿರಬಹುದು. ಗಲ್ಲದ ಪಟ್ಟಿ ಕಳಚಿಡಬಹುದಾದ ಮಾದರಿಗಳೂ ಇವೆ. ಅವುಗಳಲ್ಲಿ ಕೆಲವು ಪಟ್ಟಿ ಕೂರಿಸಿದಾಗ ಎಫ್1952 ಪರೀಕ್ಷೆ ಗೆಲ್ಲುತ್ತವೆ, ಕೆಲವು ಇಲ್ಲ.

ಮಿಪ್ಸ್ ಎಂಬ ಹಳದಿ ಚುಕ್ಕಿ ಕಂಡರೆ, ಒಳಗೊಂದು ತೆಳುವಾದ ಜಾರುವ ಪದರ ಇದೆ ಎಂದರ್ಥ. ಓರೆಯಾಗಿ ನೆಲಕ್ಕೆ ಬಡಿದಾಗ ತಲೆ ಹೆಲ್ಮೆಟ್ಟಿನೊಳಗೆ 10–15 ಮಿ.ಮೀ. ಸರಿಯಲು ಅವಕಾಶ ಕೊಟ್ಟು, ಮಿದುಳಿಗೆ ತಾಗುವ ತಿರುಚು ಬಲವನ್ನು ತಗ್ಗಿಸುವುದು ಸ್ವೀಡನ್ನಿನಲ್ಲಿ ಹುಟ್ಟಿದ ಈ ತಂತ್ರದ ಉದ್ದೇಶ. ಹೆಚ್ಚು ಕೊಡಬೇಕಾದರೂ ಕೊಡಿ ಎನ್ನುತ್ತೇನೆ.

ಮನೆಯಲ್ಲೇ ಐಎಸ್‌ಐ ಗುರುತಿನ ಮೋಟರ್‌ಸೈಕಲ್ ಹೆಲ್ಮೆಟ್ ಇದೆಯಲ್ಲ, ಅದು ಸಾಲದೇ? ಅದು ತೂಕ ಹೆಚ್ಚು, ಗಾಳಿಯಾಡುವುದು ಕಡಿಮೆ. ಡೌನ್‌ಹಿಲ್ ಹೆಲ್ಮೆಟ್ ಒಂದು ಕಿಲೋ ಆಸುಪಾಸು ಇದ್ದು, ಏದುಸಿರು ಬಿಡುವವರಿಗೆಂದೇ ಕಿಂಡಿಗಳನ್ನು ಇಟ್ಟಿರುತ್ತಾರೆ. ಬೈಕಿನ ಹೆಲ್ಮೆಟ್ಟಿನ ಗಾಜು ಮೊದಲ ತಿರುವಿಗೇ ಮಂಜಾಗುತ್ತದೆ.

ಮಂಡಿ, ಮೊಣಕೈ

ಮಂಡಿಯ ಮೇಲೂ ಕೆಳಗೂ ಸುತ್ತಳತೆ ತೆಗೆದು ಕಂಪನಿಯ ಪಟ್ಟಿಗೆ ಹೋಲಿಸಿ. ಪ್ಯಾಡ್ ಹಾಕಿಕೊಂಡು ಹತ್ತಿಪ್ಪತ್ತು ಬಸ್ಕಿ ಹೊಡೆಯಿರಿ, ಅಂಗಡಿಯಲ್ಲೇ. ನಾಚಿಕೆ ಬೇಡ. ಮಂಡಿಚಿಪ್ಪಿನ ಮೇಲಿಂದ ಅದು ಕದಲಬಾರದು, ಮಂಡಿಯ ಹಿಂದಿನ ಮಡಿಕೆಯಲ್ಲಿ ಚರ್ಮ ಹಿಂಡಬಾರದು.

ಎರಡು ಬಗೆ ಸಿಗುತ್ತವೆ. ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿರುವುದು ಬಂಡೆಯ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತದೆ. ಬೈಕ್ ಪಾರ್ಕಿನ ಲಿಫ್ಟಿನಲ್ಲಿ ಗುಡ್ಡ ಹತ್ತಿ ಬರೀ ಇಳಿಯುವವರಿಗೆ ಅದೇ ಸರಿ. ಇನ್ನೊಂದು ಡಿ3ಒ ಥರದ ವಸ್ತುವಿನದು: ಬೆರಳಲ್ಲಿ ಅದುಮಿದರೆ ಮೆತ್ತಗೆ, ಪೆಟ್ಟು ಬಿದ್ದ ಕ್ಷಣ ಗಟ್ಟಿ. ತುಳಿದುಕೊಂಡೇ ಗುಡ್ಡ ಹತ್ತುವವರಿಗೆ ಇದು ಹಿತ.

ಇಲ್ಲಿ ನೋಡಬೇಕಾದ ಗುರುತು ಇಎನ್ 1621-1. ಮೂಲತಃ ಮೋಟರ್‌ಸೈಕಲ್ ಸವಾರರ ಮಾನದಂಡ. 50 ಜೂಲ್ ಶಕ್ತಿಯ ಪೆಟ್ಟು ಕೊಟ್ಟು, ಪ್ಯಾಡಿನ ಆಚೆಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರುವಂತಿಲ್ಲ, ಲೆವೆಲ್ 2ರಲ್ಲಿ 20. ಜೊತೆಗೆ ‘ಟಿ+’ ಎಂದಿದ್ದರೆ 40 ಡಿಗ್ರಿ ಬಿಸಿಯಲ್ಲೂ, ‘ಟಿ−’ ಎಂದಿದ್ದರೆ ಮೈನಸ್ 10ರ ಚಳಿಯಲ್ಲೂ ಪಾಸಾಗಿದೆ ಎಂದರ್ಥ. ಮೆತ್ತನೆಯ ಪ್ಯಾಡ್‌ಗಳ ಗುಣ ತಾಪಮಾನದೊಂದಿಗೆ ಬದಲಾಗುವುದರಿಂದ, ನಮ್ಮ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬೇಯುವ ಸಾಮಾನಿಗೆ ಟಿ+ ಇರುವುದು ಲೇಸು.

ಮುಳ್ಳುಮುಳ್ಳಾದ ಫ್ಲಾಟ್ ಪೆಡಲ್ ಬಳಸುವಿರಾದರೆ ಮಂಡಿಯಿಂದ ಕೆಳಗಿನ ಎಲುಬನ್ನೂ ಮುಚ್ಚುವ ಉದ್ದನೆಯ ಪ್ಯಾಡ್ ಕೊಳ್ಳಿ. ಕಾಲು ಜಾರಿದಾಗ ಪೆಡಲ್ ತಿರುಗಿ ಬಡಿಯುವುದು ಅಲ್ಲಿಗೇ. ಮೊಣಕೈಗೂ ಇವೇ ನಿಯಮ.

ಬೆನ್ನು, ಕತ್ತು

ಬೆನ್ನಿಗೆ ಇಎನ್ 1621-2. ಆಚೆಗೆ ದಾಟುವ ಬಲ ಲೆವೆಲ್ 1ರಲ್ಲಿ ಸರಾಸರಿ 18 ಕಿಲೋನ್ಯೂಟನ್ ಮೀರುವಂತಿಲ್ಲ, ಲೆವೆಲ್ 2ರಲ್ಲಿ 9. ಅಳೆಯಬೇಕಾದದ್ದು ನಿಮ್ಮ ಎತ್ತರವನ್ನಲ್ಲ, ಭುಜದಿಂದ ಸೊಂಟದವರೆಗಿನ ಉದ್ದವನ್ನು. ಬೆನ್ನಿನ ಕವಚ ನೇರ ಪೆಟ್ಟನ್ನು ತಡೆಯುತ್ತದೆ, ಬೆನ್ನು ತಿರುಚುವುದನ್ನೋ ವಿಪರೀತ ಬಾಗುವುದನ್ನೋ ಅಲ್ಲ. ಇದನ್ನು ತೊಟ್ಟು ದೊಡ್ಡ ಜಿಗಿತಕ್ಕೆ ಧೈರ್ಯ ತಂದುಕೊಳ್ಳುವುದು ಲೆಕ್ಕ ತಪ್ಪಿದಂತೆ.

ಕತ್ತಿನ ಬ್ರೇಸ್ (ಭುಜದ ಮೇಲೆ ಕೂರುವ ಗಟ್ಟಿ ಕೊರಳುಪಟ್ಟಿ) ವಿಚಾರದಲ್ಲಿ ಒಮ್ಮತವಿಲ್ಲ. ಸಹಸವಾರನೊಬ್ಬನ ಸಾವು ಕಂಡ ದಕ್ಷಿಣ ಆಫ್ರಿಕದ ವೈದ್ಯ ಕ್ರಿಸ್ ಲಿಯಾಟ್ ಇದನ್ನು ರೂಪಿಸಿದರು. ಆದರೆ ವಿಶ್ವಕಪ್ ಸವಾರರಲ್ಲೂ ಎಲ್ಲರೂ ಇದನ್ನು ತೊಡುವುದಿಲ್ಲ. ಕೊಳ್ಳುವುದಾದರೆ ನಿಮ್ಮ ಹೆಲ್ಮೆಟ್ ಮತ್ತು ಬೆನ್ನಿನ ಕವಚ ಎರಡಕ್ಕೂ ಹೊಂದುತ್ತದೆಯೇ ನೋಡಿ.

ಕೈಗವಸು ಬೆರಳುಗಳನ್ನು ಪೂರ್ತಿ ಮುಚ್ಚುವಂಥದ್ದಿರಲಿ. ಶೂ ಅಡಿ ಮೆತ್ತನೆಯ ಅಂಟು ರಬ್ಬರಿನದು, ಕಾಡಿನ ನೆರಳಿಗೆ ಗಾಗಲ್ಸಿನ ಗಾಜು ತಿಳಿಬಣ್ಣದ್ದು.

ಕೊನೆಗೆ ಎಲ್ಲವನ್ನೂ ಒಟ್ಟಿಗೆ ತೊಟ್ಟು ಸೈಕಲ್ ಮೇಲೇರಿ. ಪೆಡಲ್ ಮೇಲೆ ನಿಂತು, ಮೊಣಕೈ ಹೊರಚಾಚಿ, ಮೈ ಬಗ್ಗಿಸಿ ದೂರಕ್ಕೆ ದಿಟ್ಟಿಸಿ. ಹೆಲ್ಮೆಟ್ಟಿನ ಹಿಂಬದಿ ಬೆನ್ನಿನ ಕವಚಕ್ಕೆ ತಾಗಿ ತಲೆ ಕೆಳಕ್ಕೆ ತಳ್ಳಲ್ಪಟ್ಟರೆ ದಾರಿಯೇ ಕಾಣದು. ಬಿಡಿಬಿಡಿಯಾಗಿ ನೋಡಿದಾಗ ಇದು ತಿಳಿಯುವುದೇ ಇಲ್ಲ.

ಹೆಲ್ಮೆಟ್ಟಿನ ಒಳಗಿರುವುದು ಒಂದು ಬಗೆಯ ಥರ್ಮೊಕೋಲ್. ತಾನು ಜಜ್ಜಿಕೊಂಡು ಪೆಟ್ಟು ಹೀರುತ್ತದೆ, ಮತ್ತೆ ಹಿಗ್ಗುವುದಿಲ್ಲ. ಜೋರಾಗಿ ಬಿದ್ದ ಮೇಲೆ ಹೊರಗೆ ಗೀರು ಇಲ್ಲದಿದ್ದರೂ ಬದಲಿಸಿ. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ ಎನ್ನುವುದೂ ಇದಕ್ಕೇ. ಪ್ಯಾಡ್‌ಗಳನ್ನು ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಕೆನಡಾದ ವಿಸ್ಲರ್‌ನಂಥ ಬೈಕ್ ಪಾರ್ಕುಗಳಲ್ಲಿ ಹೆಲ್ಮೆಟ್ಟೂ ಕವಚಗಳೂ ಬಾಡಿಗೆಗೆ ಸಿಗುತ್ತವೆ. ಒಮ್ಮೆ ಹೋಗಿ ಬರುವವರಿಗೆ ಅದೇ ಲಾಭ. ಬಾಡಿಗೆ ಹೆಲ್ಮೆಟ್ಟಿನ ಒಳಗಿನ ಪ್ಯಾಡ್ ಸರಿಸಿ ಥರ್ಮೊಕೋಲಿನಲ್ಲಿ ಬಿರುಕಿದೆಯೇ ನೋಡಿ, ಇದ್ದರೆ ಬೇರೆ ಕೇಳಿ.