ಉದ್ರಿ ಚಹಾದ ಲೆಕ್ಕಕ್ಕೊಂದು ಎಂವಿಪಿ: ಮುಂಬಯಿಯ ಉಡುಪಿ ಹೋಟೆಲಿನಲ್ಲಿ ನನ್ನ ಅನುಭವ

ಅಕ್ಕಪಕ್ಕದ ಅಂಗಡಿಗಳಿಗೆ ಹೋಟೆಲು ಚಹಾ ಉದ್ರಿ ಕೊಡುತ್ತದೆ, ದುಡ್ಡು ತಿಂಗಳ ಕೊನೆಗೆ. ಆ ಲೆಕ್ಕದ ಜಗಳ ನಿಲ್ಲಿಸಲು ಒಂದು ಎಂವಿಪಿ (ಮಿನಿಮಮ್ ವಯಬಲ್ ಪ್ರಾಡಕ್ಟ್, ಅಂದರೆ ಕೆಲಸಕ್ಕೆ ಬರುವಷ್ಟೇ ಇರುವ ಅತಿ ಸಣ್ಣ ಮೊದಲ ರೂಪ) ಮಾಡಲು ಹೊರಟೆವು. ‘ಒಂದು ಆ್ಯಪ್ ಮಾಡಿಕೊಟ್ಟರೆ ಬಳಸ್ತೀರಾ?’ ಎಂದು ಹೋಟೆಲಿನವರನ್ನು ಕೇಳಲೇಬಾರದು. ‘ಆಯ್ತು ಮಾರಾಯ್ರೆ, ಮಾಡಿ’ ಎನ್ನುತ್ತಾರೆ. ಅದು ದಾಕ್ಷಿಣ್ಯದ ಮಾತು, ಬೇಡಿಕೆಯಲ್ಲ. ಕೇಳಬೇಕಾದದ್ದು ಆಗಿಹೋದದ್ದರ ಬಗ್ಗೆ: ಕಳೆದ ತಿಂಗಳು ಯಾವ ಅಂಗಡಿಯ ಉದ್ರಿಯಲ್ಲಿ ತಕರಾರು ಬಂತು? ಕೊನೆಗೆ ಎಷ್ಟು ಬಿಟ್ಟುಕೊಟ್ಟಿರಿ? ಪುಸ್ತಕದ ಆ ಪುಟ ತೋರಿಸ್ತೀರಾ? ಫೋರ್ಟ್ ಕಡೆಯ ಹೋಟೆಲಿನಲ್ಲಿ ಈ ಮೂರು ಪ್ರಶ್ನೆಗೆ ಸಿಕ್ಕ ಉತ್ತರದಲ್ಲೇ ಮುಂದಿನ ಕೆಲಸವೆಲ್ಲ ಇತ್ತು.

ಹೊತ್ತು ನೋಡಿ ಹೋಗಬೇಕು. ಮಧ್ಯಾಹ್ನ 12.30ರಿಂದ 2.30ರವರೆಗೆ ಗಲ್ಲಾದ ಹತ್ತಿರ ನಿಲ್ಲುವುದೇ ತಪ್ಪು. ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚಿನ 3ರಿಂದ 4 ಗಂಟೆ ಮಾತಿಗೆ ಸರಿ. ನೋಡುವುದಕ್ಕೆ ಮಾತ್ರ ಬೆಳಗಿನ ಗಡಿಬಿಡಿಯೇ ಬೇಕು. ಎರಡು ದಿನ 9ರಿಂದ 11ರವರೆಗೆ ಮೂಲೆಯಲ್ಲಿ ಕೂತು ಬರೆದುಕೊಂಡದ್ದು ಮೂರೇ ಸಂಗತಿ: ಲೆಕ್ಕ ಬರೆಯುವವರು ಯಾರು, ಯಾವಾಗ ಬರೆಯುತ್ತಾರೆ, ಸಂಖ್ಯೆ ಎಲ್ಲಿಂದ ಬರುತ್ತದೆ.

ಸಂಖ್ಯೆ ಬರುತ್ತಿದ್ದದ್ದು ಮಾಣಿಯ ಬಾಯಿಂದ. ಅವನು ಖಾಲಿ ಗ್ಲಾಸು ಎಣಿಸಿ ‘ನಾಲ್ಕನೇ ಅಂಗಡಿ ಆರು’ ಎಂದು ಕೂಗುತ್ತಾನೆ. ಗಲ್ಲಾದಲ್ಲಿ ಕೂತವರು ಚಿಲ್ಲರೆ ಕೊಡುತ್ತಿದ್ದರೆ ಬರೆಯುವುದು ಹತ್ತು ನಿಮಿಷ ತಡ. ಅಂಗಡಿಯಲ್ಲೇ ಉಳಿದ ಗ್ಲಾಸು ಎಣಿಕೆಗೆ ಸಿಗುವುದಿಲ್ಲ. ಎರಡನೇ ಸುತ್ತಿನ ಗ್ಲಾಸು ಮೊದಲನೆಯದರ ಜೊತೆ ಸೇರಿ ಬಂದರೆ ಎರಡು ಸಲ ಎಣಿಕೆಯಾಗುವುದೂ ಉಂಟು.

ಚಹಾ ತರಿಸುವ ಅಂಗಡಿಗಳ ಬದಿಗೂ ಹೋಗಿ ಕೇಳಬೇಕು. ಬಹಳ ಜನ ಬಿಟ್ಟುಬಿಡುವ ಭಾಗ ಇದೇ. ಚಹಾ ಹೇಳುವವನು ಪ್ಯೂನ್, ಕುಡಿಯುವವರು ಗಿರಾಕಿಗಳು, ದುಡ್ಡು ಕೊಡುವವರು ಅಂಗಡಿಯ ಮಾಲೀಕ ಸೇಠ್. ಸೇಠ್‌ಗೆ ದಿನದ ಲೆಕ್ಕ ಗೊತ್ತೇ ಇಲ್ಲ. ತಿಂಗಳ ಕೊನೆಗೆ ಒಂದು ದೊಡ್ಡ ಮೊತ್ತ ಎದುರಿಗೆ ಬಂದಾಗ ಅನುಮಾನ ಬರದೆ ಇರುತ್ತದೆಯೇ? ಅಂದರೆ ಕೊರತೆ ಲೆಕ್ಕ ಇಡುವುದರಲ್ಲಿರಲಿಲ್ಲ. ಪುಸ್ತಕ ಚೆನ್ನಾಗಿಯೇ ಇತ್ತು. ಆ ಲೆಕ್ಕವನ್ನು ಎದುರಿನವರು ಅಂದಂದೇ ಒಪ್ಪುವ ದಾರಿ ಇರಲಿಲ್ಲ, ಅಷ್ಟೇ.

ಹೋಟೆಲಿನವರು ಕೇಳಿದ ಪಟ್ಟಿ ಬೇರೆಯೇ ಇತ್ತು: ಫೋಟೊ ಇರುವ ಮೆನು, ಆರ್ಡರ್ ಆ್ಯಪ್, ಯುಪಿಐ ಪಾವತಿ, ಸ್ಟಾಕ್, ಕೆಲಸದವರ ಹಾಜರಿ, ಜಿಎಸ್‌ಟಿ ಬಿಲ್. ಒಂದೊಂದಕ್ಕೂ ಒಂದೇ ಪ್ರಶ್ನೆ ಹಾಕಿದೆವು: ಇದಿಲ್ಲದಿದ್ದರೂ ತಿಂಗಳ ಕೊನೆಯ ಜಗಳ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಅದು ಹೊರಗೆ. ಪಾವತಿಗೆ ಕ್ಯೂಆರ್ ಗಲ್ಲಾದ ಮೇಲೆ ಮೊದಲೇ ಇದೆ. 5 ಶೇಕಡಾ ಜಿಎಸ್‌ಟಿಯ ಬಿಲ್ಲು ಇರುವ ಬಿಲ್ಲಿಂಗ್ ಮಷೀನಿನಲ್ಲೇ ಹೊರಡಲಿ. ಅದಕ್ಕೆ ಕೈ ಹಾಕಿದರೆ ಲೆಕ್ಕಪರಿಶೋಧಕರ ಹೊಣೆಯೂ ನಮ್ಮ ತಲೆಗೆ. ಎಸ್‌ಎಂಎಸ್ ಕಳಿಸೋಣವೆಂದರೆ ಡಿಎಲ್‌ಟಿಯಲ್ಲಿ (ವ್ಯಾಪಾರದ ಎಸ್‌ಎಂಎಸ್‌ಗಿರುವ ನೋಂದಣಿ ವ್ಯವಸ್ಥೆ) ಹೆಸರು, ಹೆಡರ್ (ಕಳಿಸುವವರ ಗುರುತು), ಟೆಂಪ್ಲೇಟ್ (ಸಂದೇಶದ ಮಾದರಿ) ಎಲ್ಲ ನೋಂದಾಯಿಸಬೇಕು. ಹತ್ತು ಅಂಗಡಿಗೆ ಅಷ್ಟು ಸಂಭ್ರಮ ಬೇಡ.

ಎಂವಿಪಿ ಎಂಬ ಹೆಸರನ್ನು 2001ರಲ್ಲಿ ಇಟ್ಟವರು ಫ್ರಾಂಕ್ ರಾಬಿನ್ಸನ್ ಎಂಬವರು. ಈಗ ಅರ್ಧ ಬೆಂದ ಆ್ಯಪ್‌ಗೆಲ್ಲ ಅದೇ ಹೆಸರು. ಅಕ್ಕಿ ಅರ್ಧ ಬೇಯಿಸಿ ಬಡಿಸಿದರೆ ಅದು ಸಣ್ಣ ಊಟವಾಗುವುದಿಲ್ಲ. ಗಂಜಿ, ಉಪ್ಪಿನಕಾಯಿ ಕೊಟ್ಟರೆ ಆಗುತ್ತದೆ.

ನಮ್ಮ ನಂಬಿಕೆಗಳಲ್ಲಿ ಯಾವುದು ಸುಳ್ಳಾದರೆ ಉಳಿದದ್ದೆಲ್ಲ ಕುಸಿಯುತ್ತದೋ ಅದನ್ನು ಮೊದಲು ಪರೀಕ್ಷಿಸಬೇಕು. ಇಲ್ಲಿ ಅದು ‘ಚಹಾ ಕೊಡುವಾಗಲೇ ಮಾಣಿ ಗುರುತು ಹಾಕುತ್ತಾನೆ’ ಎಂಬುದು. ಅದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ಅಂಗಡಿಗೊಂದು ದಪ್ಪ ಕಾರ್ಡ್, ದಿನಕ್ಕೊಂದು ಸಾಲಿನಂತೆ 31 ಸಾಲು, ಪ್ರತಿ ಗ್ಲಾಸಿಗೆ ಒಂದು ಗೀಟು, ಐದಕ್ಕೆ ಅಡ್ಡಗೀಟು. ಹತ್ತು ಅಂಗಡಿ, ಒಂದು ವಾರ. ಜೆಲ್ ಪೆನ್ನಿನ ಗೀಟು ಚಹಾ ಬಿದ್ದ ಕಡೆ ಹರಡಿ ಅಳಿಸಿಹೋಯಿತು, ಪೆನ್ಸಿಲ್ ಆಗಬೇಕು. ಪೆನ್ಸಿಲ್ ಕಿಸೆಯಲ್ಲಿದ್ದರೆ ಕಳೆದುಹೋಗುತ್ತದೆ, ಗ್ಲಾಸ್ ಸ್ಟ್ಯಾಂಡಿಗೇ ದಾರ ಕಟ್ಟಿ ತೂಗುಹಾಕಬೇಕು. ಕಾರ್ಡನ್ನು ಅಂಗಡಿಯಲ್ಲಿ ಬಿಟ್ಟರೆ ಕಾಣೆಯಾಗುತ್ತದೆ, ಮಳೆಗಾಲದಲ್ಲಿ ಮಾಣಿಯ ಕೈಯಲ್ಲಿದ್ದರೆ ಒದ್ದೆಯಾಗುತ್ತದೆ. ಹತ್ತೂ ಕಾರ್ಡನ್ನು ಒಂದು ಪ್ಲಾಸ್ಟಿಕ್ ಪೌಚಿನಲ್ಲಿ ಹಾಕಿ ಸ್ಟ್ಯಾಂಡಿಗೆ ಸಿಕ್ಕಿಸಿದ ಮೇಲೆ ಗುರುತು ತಪ್ಪಲಿಲ್ಲ. ಮಾಣಿಯ ಕೈಗೆ ಫೋನ್ ಕೊಡುವ ಯೋಚನೆ ಅಲ್ಲಿಗೇ ಮುಗಿಯಿತು. ಒಂದು ಕೈಯಲ್ಲಿ ಸ್ಟ್ಯಾಂಡ್, ಇನ್ನೊಂದರಲ್ಲಿ ಪಾರ್ಸೆಲ್ ಹಿಡಿದವನು ಟೈಪ್ ಮಾಡುವುದು ಯಾವಾಗ?

ಎರಡನೇ ಹಂತ ಗೂಗಲ್ ಶೀಟ್ ಮತ್ತು ವಾಟ್ಸಾಪ್ ಬಿಸಿನೆಸ್. ಗಲ್ಲಾದವರು 11.30ಕ್ಕೆ ಒಮ್ಮೆ, ಸಂಜೆ 5ಕ್ಕೆ ಒಮ್ಮೆ ಕಾರ್ಡ್ ನೋಡಿ ತುಂಬುತ್ತಾರೆ. ಕಾಲಂ ಐದೇ: ತಾರೀಕು, ಅಂಗಡಿ ನಂಬರ್, ಐಟಂ ನಂಬರ್, ಎಷ್ಟು, ದರ. ಅಂಗಡಿಯ ಹೆಸರು ಬರೆಯಲು ಬಿಟ್ಟರೆ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ, ಮತ್ತೊಬ್ಬರು ಮರಾಠಿಯಲ್ಲಿ ಬರೆದು ಒಂದೇ ಅಂಗಡಿ ಮೂರಾಗುತ್ತದೆ. ಆದ್ದರಿಂದ ನಂಬರ್ ಮಾತ್ರ, ಅದೂ ಡ್ರಾಪ್‌ಡೌನ್‌ನಿಂದ. ‘ಎಷ್ಟು’ ಕಾಲಂನಲ್ಲಿ ‘6 ಕಟಿಂಗ್’ (ಕಟಿಂಗ್ ಅಂದರೆ ಅರ್ಧ ಗ್ಲಾಸು ಚಹಾ) ಎಂದು ಬರೆದರೆ ಶೀಟ್ ಅದನ್ನು ಪದವೆಂದು ತಿಳಿದು, ಆ ಕಾಲಂ ಕೂಡಿಸುವಾಗ ಏನೂ ಹೇಳದೆ ಬಿಟ್ಟುಬಿಡುತ್ತದೆ. ಡೇಟಾ ವ್ಯಾಲಿಡೇಶನ್ ಹಾಕಿ ಅಂಕಿ ಬಿಟ್ಟು ಬೇರೇನೂ ಒಳಗೆ ಬಾರದಂತೆ ಮಾಡಿ.

ದರದ ಕಾಲಂ ಯಾಕೆ ಬೇರೆ? ದರವನ್ನು ಒಂದೇ ಕೋಶದಲ್ಲಿಟ್ಟು ಎಲ್ಲ ಸಾಲಿಗೂ ಅದನ್ನೇ ಗುಣಿಸಿದರೆ, 15ನೇ ತಾರೀಕು ಕಟಿಂಗ್ 12ರಿಂದ 15 ರೂಪಾಯಿಗೆ ಏರಿದೊಡನೆ ಹಿಂದಿನ ಎರಡು ವಾರದ ಚಹಾಕ್ಕೂ 15 ರೂಪಾಯಿ ಬೀಳುತ್ತದೆ. ನಂಬಿಕೆ ಹುಟ್ಟಿಸಲು ಹೊರಟ ಸಾಧನವೇ ಜಗಳಕ್ಕೆ ಕಾರಣವಾದಂತೆ. ಸಾಲು ಬರೆದ ದಿನದ ದರ ಆ ಸಾಲಿನಲ್ಲೇ ಅಂಕಿಯಾಗಿ ಉಳಿಯಬೇಕು, ಫಾರ್ಮುಲಾ ಆಗಿ ಅಲ್ಲ.

ಸೇಠ್‌ಗೆ ಹೋಗುವ ಸಂದೇಶವೇ ನಮ್ಮ ಇಡೀ ಪ್ರಾಡಕ್ಟ್: ‘ಅಂಗಡಿ 4. ಇಂದು ಕಟಿಂಗ್ 11, ಇಡ್ಲಿ 2 ಪ್ಲೇಟ್. ಇಂದಿನದು 265 ರೂ. ಈ ತಿಂಗಳು ಒಟ್ಟು 3,140 ರೂ. ತಪ್ಪಿದ್ದರೆ ನಾಳೆ 11ರೊಳಗೆ ಹೇಳಿ.’ ಶೀಟ್ ಕನ್ನಡದಲ್ಲಿ, ಸಂದೇಶ ಹಿಂದಿಯಲ್ಲಿ. ಮೊದಲು 8 ಗಂಟೆಗೆ ಕಳಿಸಿದೆವು. ಅಷ್ಟೊತ್ತಿಗೆ ಶಟರ್ ಎಳೆದು ಸೇಠ್ ಲೋಕಲ್ ರೈಲು ಹಿಡಿದಿರುತ್ತಾರೆ, ಪ್ಯೂನನ್ನು ಕೇಳಿ ತಾಳೆ ನೋಡಲು ಆಗುವುದಿಲ್ಲ. 5.30ಕ್ಕೆ ಬದಲಾಯಿಸಿ, ಆಮೇಲಿನ ಚಹಾ ಮರುದಿನದ ಲೆಕ್ಕಕ್ಕೆ ಎಂದು ಮೊದಲೇ ತಿಳಿಸಿದ ಮೇಲೆ ‘ಆರಲ್ಲ, ಐದು’ ಎಂಬ ಉತ್ತರಗಳು ಬರತೊಡಗಿದವು. ಅಂಥ ಉತ್ತರ ಬಂದರೆ ಬೇಸರ ಮಾಡಬೇಡಿ, ತಿಂಗಳ ಕೊನೆಯ ಜಗಳ ಅಂದೇ ಒಂದು ಗ್ಲಾಸಿನಷ್ಟರಲ್ಲಿ ಮುಗಿದಂತೆ. ನೀಲಿ ಟಿಕ್ ನಂಬಬೇಡಿ. ಅದನ್ನು ಆಫ್ ಮಾಡಿಟ್ಟವರೂ ಇರುತ್ತಾರೆ. ಬ್ರಾಡ್‌ಕಾಸ್ಟ್ ಕೂಡ ಇಲ್ಲಿ ಆಗದು: ಒಬ್ಬೊಬ್ಬರ ಮೊತ್ತ ಬೇರೆ, ಮೇಲಾಗಿ ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ.

ಹದಿನೈದು ದಿನದ ಪ್ರಯೋಗ ಇಲ್ಲಿ ಕೆಲಸಕ್ಕೆ ಬಾರದು. ತಕರಾರು ಹುಟ್ಟುವುದು ವಸೂಲಿಯ ಹೊತ್ತಿಗೆ. 1ನೇ ತಾರೀಕಿಗೆ ಶುರುಮಾಡಿ, ಮುಂದಿನ ತಿಂಗಳ 10ರವರೆಗೆ ಕಾಯಲೇಬೇಕು. ಗೆದ್ದದ್ದು ಯಾವುದು, ಸೋತದ್ದು ಯಾವುದು ಎಂಬುದನ್ನು ಶುರುವಿಗೆ ಮುಂಚೆಯೇ ಕಾಗದದಲ್ಲಿ ಬರೆದಿಡಿ, ಆಮೇಲೆ ಮನಸ್ಸು ಗೋಲನ್ನು ಸರಿಸುತ್ತದೆ. ನಾವು ಬರೆದದ್ದು: ಹತ್ತರಲ್ಲಿ ಕನಿಷ್ಠ ಏಳು ಅಂಗಡಿಯ ಲೆಕ್ಕ ವಾದವಿಲ್ಲದೆ ಚುಕ್ತಾ ಆಗಬೇಕು, ಒಂದು ಸಲ ತುಂಬುವುದಕ್ಕೆ 5 ನಿಮಿಷ ಮೀರಬಾರದು, ಮೂರನೇ ವಾರ ನಾವು ಹೋಟೆಲಿಗೆ ಕಾಲಿಡದಿದ್ದರೂ ಶೀಟ್ ತುಂಬುತ್ತಿರಬೇಕು. ಮೂರನೆಯದೇ ನಿಜವಾದ ಪರೀಕ್ಷೆ. ನಾವು ಎದುರಿಗಿದ್ದಾಗ ಎಲ್ಲರೂ ತುಂಬುತ್ತಾರೆ. ಎರಡನೇ ತಿಂಗಳಿಗೆ 200 ರೂಪಾಯಿ ಕೇಳಿ. ಮೊತ್ತ ಮುಖ್ಯವಲ್ಲ, ಕೊಡುವಾಗಿನ ಮುಖ ನೋಡಬೇಕು.

ಹತ್ತು ಅಂಗಡಿಗೆ ಕೈಯಿಂದ ಕಳಿಸಲು ಹತ್ತು ನಿಮಿಷ ಸಾಕು. ಅಂಗಡಿ ಹೆಚ್ಚಿದ ಮೇಲೆಯೇ ಸಂದೇಶಕ್ಕೆ ಫಾರ್ಮುಲಾ ಬರೆದದ್ದು: ಶೀಟಿನಲ್ಲೇ ಸಂದೇಶ ಜೋಡಿಸಿ ವಾಟ್ಸಾಪ್‌ನ ‘ಡಬ್ಲ್ಯೂಎ ಡಾಟ್ ಮೀ’ ಲಿಂಕ್ ಮಾಡುವುದು. ಒತ್ತಿದರೆ ಸಂದೇಶ ಸಿದ್ಧವಾಗಿ ತೆರೆಯುತ್ತದೆ, ಕಳಿಸುವ ಬಟನ್ ಮನುಷ್ಯನೇ ಒತ್ತಬೇಕು. ನಂಬರಿನ ಮುಂದೆ 91 ಇರಲಿ, ಪ್ಲಸ್ ಅಥವಾ ಸೊನ್ನೆ ಬೇಡ. ಸಂದೇಶವನ್ನು ಎನ್‌ಕೋಡ್‌ಯುಆರ್‌ಎಲ್ ಫಂಕ್ಷನ್‌ನೊಳಗೆ (ಲಿಂಕಿಗೆ ಹೊಂದುವಂತೆ ಅಕ್ಷರ ಬದಲಿಸುವಂಥದು) ಹಾಕದಿದ್ದರೆ, ‘&’ ಇರುವ ಸಂದೇಶ ಆ ಗುರುತಿನ ಹತ್ತಿರವೇ ತುಂಡಾಗುತ್ತದೆ. ಪೂರ್ತಿ ತಾನಾಗಿಯೇ ಹೋಗುವ ವ್ಯವಸ್ಥೆಗೆ ಟೆಂಪ್ಲೇಟ್ ಒಪ್ಪಿಗೆ, ಸಂದೇಶದ ಶುಲ್ಕ ಎರಡೂ ಉಂಟು. ಆ ಖರ್ಚಿಗೆ ಇನ್ನೂ ಸಮಯವಿದೆ. ಶೀಟಿನಲ್ಲಿ ಜನರ ನಂಬರುಗಳಿರುವುದರಿಂದ ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಬಿಡದೆ, ಗಲ್ಲಾದವರ ಖಾತೆಗೆ ಮಾತ್ರ ಕೊಡಿ.

ನಾವೇ ಕತ್ತರಿಸಿದ ಒಂದು ಕಾಲಂ ಮರಳಿ ಬಂತು: ‘ಹೇಳಿದವರು ಯಾರು’. ಹೋಟೆಲಿಗೆ ಅದು ಬೇಡವಾಗಿತ್ತು, ಕೇಳಿದವರು ಸೇಠ್‌ಗಳು. ಗಿರಾಕಿ ಬಂದಾಗ ತರಿಸಿದ್ದು ಯಾವುದು, ಪ್ಯೂನ್ ತಾನಾಗಿ ತರಿಸಿಕೊಂಡದ್ದು ಯಾವುದು ಎಂದು ಅವರಿಗೆ ತಿಳಿಯಬೇಕಿತ್ತು. ಕೇಳಿದ ಮೂರು ಅಂಗಡಿಯ ಕಾರ್ಡಿಗಷ್ಟೇ ಗಿರಾಕಿಗೆ ಗೀಟು, ಪ್ಯೂನ್‌ಗೆ ಸೊನ್ನೆ ಎಂದು ಎರಡು ಗುರುತು ಮಾಡಿದೆವು. ಉಳಿದ ಅಂಗಡಿಗಳ ಕಾರ್ಡ್ ಇದ್ದಂತೆಯೇ ಇದೆ.